ಬಾಡಿಗೆ ಮನೆಯ ಇಬ್ಬರು ಬೆಳೆಯದ ಗಂಡಸರು: ರೂಮ್‌ಮೇಟ್ ಸಿಟ್‌ಕಾಮ್ ಕಟ್ಟುವುದು ಹೇಗೆ?

ಕಾಸರಗೋಡು ಕಡೆಯ ವಿದ್ಯಾನಗರದಲ್ಲೋ ಕುಂಬಳೆಯಲ್ಲೋ ಉಪ್ಪಳದಲ್ಲೋ ಒಂದು ಬಾಡಿಗೆ ಮನೆ. ಅದರಲ್ಲಿ ಮದುವೆಯಾಗದ ಇಬ್ಬರು ಗಂಡಸರು. ಸಂಘದ ವಾರ್ಷಿಕೋತ್ಸವಕ್ಕೆ ಪ್ರಹಸನ ಬರೆಯುವವರೂ ಯೂಟ್ಯೂಬಿಗೆ ಸಣ್ಣ ಕಂತು ಮಾಡುವ ಹುಡುಗರೂ ಮೊದಲು ಕೈಹಾಕುವುದು ಇದಕ್ಕೇ. ಖರ್ಚು ಕಡಿಮೆ: ಮನೆ ಒಂದೇ, ಪಾತ್ರಗಳು ನಾಲ್ಕೈದು, ವೇಷಕ್ಕೆ ಲುಂಗಿ ಬನಿಯನ್ ಸಾಕು. ಮೊದಲ ಕಂತಿಗೆ ಜನ ನಗುತ್ತಾರೆ. ಮೂರನೆಯದಕ್ಕೆ ಬರುವಾಗ ತೊಳೆಯದ ಪಾತ್ರೆಯ ಜೋಕು ಖಾಲಿಯಾಗಿರುತ್ತದೆ, ಹೆಂಗಸರನ್ನು ಹಂಗಿಸುವ ಜೋಕು ಶುರುವಾಗಿರುತ್ತದೆ. ಐದನೆಯ ಕಂತು ಬರುವುದೇ ಇಲ್ಲ.

ಬರೆಯುವವರಿಗೆ ಜೋಕು ಹೊಳೆಯದೆ ಹೀಗಾಗುವುದಲ್ಲ. ಈ ಬಗೆಯ ಹಾಸ್ಯಕ್ಕೆ ಒಂದು ಯಂತ್ರ ಉಂಟು, ಅದರ ಒಂದೆರಡು ಬಿಡಿಭಾಗ ಹಾಕದೇ ಗಾಡಿ ಸ್ಟಾರ್ಟ್ ಮಾಡಿರುತ್ತಾರೆ. ಆ ಭಾಗಗಳು ಯಾವುವು ಎಂದು ನೋಡಲು ಚೆನ್ನಾಗಿ ಓಡಿದ ಒಂದು ಸಿಟ್‌ಕಾಮನ್ನು, ಅಂದರೆ ಅದೇ ಜಾಗ ಅದೇ ಪಾತ್ರಗಳ ಹಾಸ್ಯ ಧಾರಾವಾಹಿಯನ್ನು, ಬಿಚ್ಚಿ ನೋಡುವುದು ಒಳ್ಳೆಯದು. ಬ್ರಿಟನ್ನಿನ ‘ಮೆನ್ ಬಿಹೇವಿಂಗ್ ಬ್ಯಾಡ್ಲಿ’ ಅದಕ್ಕೆ ತಕ್ಕದ್ದು.

ಸೈಮನ್ ನೈ ತಮ್ಮದೇ ಕಾದಂಬರಿಯಿಂದ ಇದನ್ನು ಟಿವಿಗೆ ಬರೆದರು. 1992ರ ಫೆಬ್ರವರಿಯಲ್ಲಿ ಐಟಿವಿ ವಾಹಿನಿಯಲ್ಲಿ ಶುರುವಾಯಿತು. ಎರಡು ಸರಣಿಯ ನಂತರ ಆ ವಾಹಿನಿ ಕೈಬಿಟ್ಟಿತು. 1994ರಲ್ಲಿ ಬಿಬಿಸಿ ಎತ್ತಿಕೊಂಡು ರಾತ್ರಿ 9ರ ನಂತರದ ಹೊತ್ತಿಗೆ ಹಾಕಿತು, ಆಮೇಲೆ ಹಿಡಿದದ್ದೇ ಹಿಡಿದದ್ದು. 1998ರ ಡಿಸೆಂಬರಿನಲ್ಲಿ ಮುಗಿಯುವಾಗ ಒಟ್ಟು 42 ಕಂತು, ಅಷ್ಟನ್ನೂ ಬರೆದದ್ದು ಒಬ್ಬರೇ. ಅಮೆರಿಕದಲ್ಲಿ 20-22 ಕಂತಿನ ಸೀಸನ್‌ಗೆ ಬರಹಗಾರರ ಒಂದು ತಂಡವೇ ಕೂರುತ್ತದೆ. ಬ್ರಿಟನ್ನಿನಲ್ಲಿ ಒಂದು ಸರಣಿಗೆ ಆರೇಳು ಕಂತು, ಒಬ್ಬ ಇಲ್ಲವೇ ಇಬ್ಬರು ಬರಹಗಾರರು. ನಮ್ಮ ಊರಿನ ತಂಡಗಳಿಗೆ ಹೊಂದುವುದು ಈ ಎರಡನೆಯ ಲೆಕ್ಕ.

ದಕ್ಷಿಣ ಲಂಡನ್ನಿನ ಒಂದು ಫ್ಲಾಟ್. ಅದರ ಯಜಮಾನ ಗ್ಯಾರಿ, ಕಳ್ಳರಿಂದ ಕಾಯುವ ಅಲಾರಂ ಮಾರುವ ಕಂಪನಿಯಲ್ಲಿ ಮ್ಯಾನೇಜರು. ಅವನಲ್ಲಿ ಬಾಡಿಗೆಗೆ ಇರುವವನು ಟೋನಿ, ಅವನಿಗೆ ಗಟ್ಟಿ ಕೆಲಸವಿಲ್ಲ. ಗ್ಯಾರಿಯ ಗೆಳತಿ ಡೊರೊಥಿ ನರ್ಸು. ಮೇಲಿನ ಮನೆಯವಳು ಡೆಬ್ರಾ, ಟೋನಿ ವರ್ಷಗಟ್ಟಲೆ ಅವಳ ಹಿಂದೆ. ಗಂಡಸರಿಬ್ಬರ ಬದುಕು ಸೋಫಾ, ಬಿಯರು, ಹೆಣ್ಣಿನ ಕುರಿತ ತಪ್ಪು ಲೆಕ್ಕಾಚಾರ, ಇಷ್ಟೇ. 1994ರಲ್ಲಿ ಬ್ರಿಟನ್ನಿನಲ್ಲಿ ‘ಲೋಡೆಡ್’ ಎಂಬ ಗಂಡಸರ ಪತ್ರಿಕೆ ಶುರುವಾಗಿತ್ತು. ಬಿಯರು, ಫುಟ್‌ಬಾಲು, ಹುಡುಗಿಯರೇ ಬದುಕು ಎನ್ನುವ ಒಂದು ಗಾಳಿ ಬೀಸುತ್ತಿತ್ತು. ಈ ಧಾರಾವಾಹಿಯನ್ನೂ ಆ ಗಾಳಿಗೇ ಸೇರಿಸಿ ಮಾತಾಡುವುದುಂಟು. ಅದು ಅರ್ಧ ಮಾತ್ರ ಸರಿ. ಪತ್ರಿಕೆ ಅಂಥ ಗಂಡಸರ ಪಕ್ಷ ವಹಿಸಿತ್ತು, ಧಾರಾವಾಹಿ ವಹಿಸಲಿಲ್ಲ. ನಗು ಹುಟ್ಟುವುದು ಈ ವ್ಯತ್ಯಾಸದಲ್ಲಿ.

ಬಾಗಿಲು ತೆರೆದಿದ್ದರೂ ಹೊರಗೆ ಹೋಗಲಾಗದ ಮನೆ

ಸಿಟ್‌ಕಾಮಿಗೆ ಮೊದಲು ಬೇಕಾದದ್ದು ಬೋನು. ಪಾತ್ರಗಳಿಗೆ ಒಬ್ಬರನ್ನೊಬ್ಬರು ಬಿಟ್ಟು ಹೋಗಲು ಸಾಧ್ಯವಾದರೆ ಕತೆ ಅಲ್ಲಿಗೇ ಮುಗಿಯಿತು. ಈಟಿವಿ ಕನ್ನಡದಲ್ಲಿ ಬಂದ ‘ಪಾಪ ಪಾಂಡು’ವಿನ ಮನೆಯಲ್ಲಿ ಆ ಚಿಂತೆ ಇರಲಿಲ್ಲ, ಗಂಡ ಹೆಂಡತಿ ಎಂದ ಮೇಲೆ ಬೋನು ತಾನಾಗಿಯೇ ಬರುತ್ತದೆ. ರೂಮ್‌ಮೇಟುಗಳಿಗೆ ಹಾಗಲ್ಲ. ಜಗಳವಾದ ರಾತ್ರಿಯೇ ಒಬ್ಬ ಬ್ಯಾಗು ಹಿಡಿದು ಬದಿಯಡ್ಕದ ಕೊನೆಯ ಬಸ್ಸು ಹತ್ತಬಹುದು. ಯಾಕೆ ಹತ್ತುವುದಿಲ್ಲ ಎಂಬುದಕ್ಕೆ ಮೊದಲ ಕಂತಿನಲ್ಲೇ ಗಟ್ಟಿ ಕಾರಣ ಕೊಡಬೇಕು.

ಲಂಡನ್ನಿನ ಮನೆಯಲ್ಲಿ ಆ ಕಾರಣ ಎರಡು. ಗ್ಯಾರಿಗೆ ಬಾಡಿಗೆಯೂ ಬೇಕು, ಜತೆಯೂ ಬೇಕು. ಟೋನಿಗೆ ಮೇಲಿನ ಮನೆ ಬೇಕು. ನಮ್ಮಲ್ಲಿ ಸಲೀಸಾದ ಕಾರಣ 11 ತಿಂಗಳ ಎಗ್ರಿಮೆಂಟು. ಇಬ್ಬರ ಹೆಸರಿನಲ್ಲೂ ಸಹಿ, ಅಡ್ವಾನ್ಸಿನ ಅರ್ಧರ್ಧ ಇಬ್ಬರದ್ದು, ನಡುವೆ ಬಿಟ್ಟವನ ಪಾಲು ಹೋಯಿತು. ಇದಕ್ಕೆ ಒಂದು ಲಾಭವೂ ಉಂಟು: 11 ತಿಂಗಳು ಎಂದರೆ ಒಂದು ಸರಣಿ. ಎಗ್ರಿಮೆಂಟು ಹೊಸತು ಮಾಡುವ ಕಂತಿಗೆ ಎಲ್ಲ ಪಾತ್ರಗಳೂ ತಮ್ಮ ನಿಲುವು ಹೇಳಲೇಬೇಕಾಗುತ್ತದೆ.

ಬೋನು ಗಟ್ಟಿಯಿದ್ದರೆ ಪಾತ್ರವನ್ನೇ ಬದಲಿಸಬಹುದು. ‘ಮೆನ್ ಬಿಹೇವಿಂಗ್ ಬ್ಯಾಡ್ಲಿ’ಯ ಮೊದಲ ಸರಣಿಯಲ್ಲಿ ಗ್ಯಾರಿಯ ಜತೆಗಿದ್ದವನು ಡರ್ಮಟ್, ನಟ ಹ್ಯಾರಿ ಎನ್‌ಫೀಲ್ಡ್. ಅವರು ಒಂದೇ ಸರಣಿಗೆ ಬಿಟ್ಟುಹೋದರು. ಮುಂದಿನ ಸರಣಿಗೆ ಟೋನಿಯಾಗಿ ನೀಲ್ ಮಾರಿಸ್ಸಿ ಬಂದರು. ಮನೆಗೆ ಹೊಸ ಬಾಡಿಗೆದಾರ ಬೇಕು ಎಂಬುದೇ ಕತೆಯಾಯಿತು. ಹವ್ಯಾಸಿ ತಂಡದಲ್ಲಿ ಇದು ಬಹಳ ಉಪಕಾರಕ್ಕೆ ಬರುವ ಗುಣ, ಒಬ್ಬ ನಟನಿಗೆ ಗಲ್ಫಿನ ವೀಸಾ ಬಂದರೆ ಸರಣಿ ನಿಲ್ಲಬೇಕಾಗಿಲ್ಲ.

ಹುಚ್ಚು ವಾದ, ಪೂರ್ತಿ ನಂಬಿಕೆ

ಬೆಳೆಯದ ಗಂಡಸನ್ನು ಬರೆಯುವಾಗ ಹೆಚ್ಚಿನವರು ಅವನನ್ನು ಪೆದ್ದ ಮಾಡುತ್ತಾರೆ. ಪೆದ್ದ ಎರಡು ಕಂತಿಗೆ ನಗಿಸುತ್ತಾನೆ, ಆಮೇಲೆ ಪಾಪ ಅನಿಸುತ್ತದೆ. ಬೇಕಾದವನು ಜಾಣ; ಆದರೆ ಆ ಜಾಣತನವನ್ನೆಲ್ಲ ಒಂದು ತಟ್ಟೆ ತೊಳೆಯದಿರುವುದಕ್ಕೆ ಖರ್ಚು ಮಾಡುವವನು.

ತಾಳಮದ್ದಳೆ ಕೇಳಿ ಬೆಳೆದ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂಧಾನ ಪ್ರಸಂಗದಲ್ಲಿ ಸೂಜಿಮೊನೆಯಷ್ಟು ನೆಲ ಕೊಡೆ ಎನ್ನುವ ಕೌರವನ ಅರ್ಥ ಹೇಳುವವರು ಅವನು ತಪ್ಪು ಎಂಬ ಸುಳಿವನ್ನು ಎಲ್ಲಿಯೂ ಬಿಟ್ಟುಕೊಡುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಪ್ರತಿನಾಯಕನ ಪರ ಮಾತಾಡಿದರೆ ಕೇಳುಗರು ಅರೆಗಳಿಗೆ ಅವನ ಕಡೆಗೇ ವಾಲಿಬಿಡುತ್ತಿದ್ದರು. ಸಿಟ್‌ಕಾಮಿನ ಗಂಡಸಿಗೂ ಅದೇ ನಿಷ್ಠೆ ಬೇಕು. ತಾನು ತಮಾಷೆಯ ಪಾತ್ರ ಎಂದು ಅವನಿಗೆ ಗೊತ್ತಿರಬಾರದು. ಹೇಳುತ್ತಾ ಹೇಳುತ್ತಾ ತಾನೇ ನಕ್ಕುಬಿಡುವ ನಟನನ್ನು ಈ ಪಾತ್ರಕ್ಕೆ ಹಾಕಬೇಡಿ, ಮುಲಾಜು ಬೇಡ.

ಹೆಂಗಸರ ಪಾತ್ರದಲ್ಲಿ ಸೋಲುವುದು ಎಲ್ಲಿ

ಇಲ್ಲಿಯೇ ಹೆಚ್ಚಿನ ಪ್ರಯತ್ನಗಳು ಮಕಾಡೆ ಬೀಳುವುದು, ಹಾಗಾಗಿ ಸ್ವಲ್ಪ ಹೊತ್ತು ನಿಲ್ಲೋಣ.

ಗಂಡಸರು ಹುಡುಗಾಟಿಕೆಯವರು ಎಂದಾದರೆ ಹೆಂಗಸರು ಬುದ್ಧಿವಂತರು ಎಂದು ಬರೆಯುತ್ತಾರೆ, ಸರಿ. ಆದರೆ ಆ ಬುದ್ಧಿವಂತೆಗೆ ಬೈಯುವ ಕೆಲಸ ಬಿಟ್ಟು ಬೇರೇನೂ ಕೊಡುವುದಿಲ್ಲ. ಬಂದಳು, ಸೊಂಟಕ್ಕೆ ಕೈ ಇಟ್ಟಳು, ಬೈದಳು, ಹೋದಳು. ಹೀಗೆ ಮಾಡಿದ ಕೂಡಲೇ ಪ್ರೇಕ್ಷಕರ ಸಹಾನುಭೂತಿ ಗಂಡಸರ ಕಡೆ ಹೋಗುತ್ತದೆ. ಅವರು ಪಾಪದವರಾಗುತ್ತಾರೆ, ಅವಳು ಘಾಟಿಯಾಗುತ್ತಾಳೆ. ಅಲ್ಲಿಂದ ಹೆಂಗಸರನ್ನು ಹಂಗಿಸುವ ಜೋಕಿಗೆ ಒಂದೇ ಹೆಜ್ಜೆ.

ಡೊರೊಥಿಯ ಪಾತ್ರ ಕ್ಯಾರೊಲಿನ್ ಕ್ವೆಂಟಿನ್ ಅವರದ್ದು. ಅದನ್ನು ಗಮನಿಸಿದರೆ ಮೂರು ಸಂಗತಿ ಕಾಣುತ್ತದೆ. ಅವಳಿಗೆ ಆ ಮನೆಯ ಹೊರಗೆ ಕೆಲಸ ಉಂಟು, ದಣಿವು ಉಂಟು. ಅವಳೂ ಕುಡಿಯುತ್ತಾಳೆ, ಸುಳ್ಳು ಹೇಳುತ್ತಾಳೆ, ಹೊಟ್ಟೆಕಿಚ್ಚು ಪಡುತ್ತಾಳೆ, ದೇವರಪಟವಲ್ಲ. ಮತ್ತೆ, ಕಂತಿನ ಅತ್ಯಂತ ಚೂಪಾದ ಮಾತು ಬಹಳ ಸಲ ಅವಳ ಬಾಯಿಯಿಂದಲೇ. ಅಂದರೆ ನಗಿಸುವ ಹಕ್ಕನ್ನು ಬರಹಗಾರ ಗಂಡಸರಿಗೆ ಮಾತ್ರ ಕೊಟ್ಟಿಲ್ಲ. ಗಂಡಸರ ಮಾತಿಗೆ ನಾವು ನಗುವುದು ಅವರನ್ನು ನೋಡಿ, ಡೊರೊಥಿಯ ಮಾತಿಗೆ ನಗುವುದು ಅವಳ ಜತೆ ಸೇರಿ.

ಡೆಬ್ರಾಳ ಕಡೆ ಇಂದು ನೋಡುವಾಗ ಕಿರಿಕಿರಿಯಾಗುವ ದೃಶ್ಯಗಳಿವೆ. ಒಲ್ಲೆ ಎಂದವಳ ಹಿಂದೆ ಬಿಡದೆ ಅಲೆಯುವುದನ್ನು ಆಗ ಪ್ರೀತಿಯ ಲಕ್ಷಣವಾಗಿ ತೋರಿಸಲು ಅಡ್ಡಿಯಿರಲಿಲ್ಲ. ಇವತ್ತು ಅದನ್ನು ಎತ್ತಿಕೊಂಡು ಕಾಸರಗೋಡಿಗೆ ತರಬೇಡಿ. ಹಿಂದೆ ಬೀಳುವವನ ತಯಾರಿ ತಮಾಷೆ, ಹಿಂದೆ ಬೀಳುವಿಕೆ ತಮಾಷೆಯಲ್ಲ. ನಮ್ಮ ಕತೆಯಲ್ಲಿ ಮೇಲಿನ ಮನೆಯವಳು ಟೀಚರು ಎಂದಿಟ್ಟುಕೊಳ್ಳಿ. ಅವನು ಕನ್ನಡಿಯ ಮುಂದೆ ಅರ್ಧ ಗಂಟೆ ಅಭ್ಯಾಸ ಮಾಡಿದ ವಾಕ್ಯ ಅವಳು ಎದುರು ಬಂದಾಗ ‘ಟೀಚರ್, ನಿಮ್ಮಲ್ಲಿ ನೀರು ಬರ್ತದಾ?’ ಎಂದು ಮುಗಿಯಲಿ. ಅವಳಿಗೆ ಏನೂ ತೊಂದರೆಯಾಗಲಿಲ್ಲ, ಸೋತವನು ಅವನೇ.

ಒಂದು ಸುಲಭದ ಪರೀಕ್ಷೆ: ಬರೆದ ಕಂತಿನಿಂದ ಹೆಂಗಸಿನ ಮಾತುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿ. ಪ್ರಶ್ನೆ ಮತ್ತು ಗದರಿಕೆ ಬಿಟ್ಟು ಬೇರೇನೂ ಕಾಣದಿದ್ದರೆ ಆ ಪಾತ್ರ ಇನ್ನೂ ಹುಟ್ಟಿಲ್ಲ.

ಸಿಟ್‌ಔಟೇ ರಂಗಸ್ಥಳ

ಲಂಡನ್ನಿನ ಕತೆಯಲ್ಲಿ ಗೆಳತಿ ರಾತ್ರಿ ಉಳಿಯುತ್ತಾಳೆ, ಬಟ್ಟೆಬರೆ ತಂದು ಇಡುತ್ತಾಳೆ. ನಮ್ಮಲ್ಲಿ ಬ್ಯಾಚುಲರುಗಳಿಗೆ ಮನೆ ಸಿಗುವುದೇ ಕಷ್ಟ, ಸಿಕ್ಕಿದರೂ ಓನರಿನ ಮೊದಲ ಷರತ್ತು ಎಂತದೆಂದು ಎಲ್ಲರಿಗೂ ಗೊತ್ತು. ಹಾಗೆಂದು ಪ್ರೇಮವನ್ನೆಲ್ಲ ಫೋನಿಗೆ ತಳ್ಳಿದರೆ ದೃಶ್ಯ ಸತ್ತುಹೋಗುತ್ತದೆ. ಒಬ್ಬ ಫೋನು ಹಿಡಿದು ಮಾತಾಡುವುದನ್ನು ಒಂದು ನಿಮಿಷಕ್ಕಿಂತ ಹೆಚ್ಚು ನೋಡಲು ಯಾರಿಂದಲೂ ಆಗುವುದಿಲ್ಲ.

ಪರಿಹಾರ ಮನೆಯ ಎದುರಿನಲ್ಲೇ ಉಂಟು. ಕೇರಳದ ಮನೆಗಳ ಸಿಟ್‌ಔಟು, ಅಂದರೆ ಎದುರಿನ ಜಗಲಿ, ಒಳಗೂ ಅಲ್ಲ, ಹೊರಗೂ ಅಲ್ಲ. ಗೆಳತಿ ಅಲ್ಲಿಯವರೆಗೆ ಬರಬಹುದು, ಓನರು ಬರಬಹುದು, ಮೇಲಿನ ಮನೆಯ ಟೀಚರು ಮೆಟ್ಟಿಲಿಳಿಯುವಾಗ ಅಲ್ಲಿಯೇ ಹಾದುಹೋಗಬೇಕು. ಹಾಗಾಗಿ ಮುಖ್ಯ ಸೆಟ್ಟು ಸಿಟ್‌ಔಟು, ಅದರ ಹಿಂದೆ ಅರ್ಧ ತೆರೆದ ಬಾಗಿಲು. ಒಳಗಿನ ಅವ್ಯವಸ್ಥೆ ಪ್ರೇಕ್ಷಕರಿಗೆ ಬಾಗಿಲ ಸಂದಿಯಲ್ಲಿ ಕಾಣುತ್ತಿರಬೇಕು, ಬಂದವರಿಗೆ ಕಾಣಬಾರದು. ಬಾಗಿಲಿಗೆ ಅಡ್ಡ ನಿಲ್ಲುವುದೇ ಗಂಡಸರ ಕೆಲಸ. ಒಂದು ಮಾತೂ ಇಲ್ಲದೆ ನಗು ಹುಟ್ಟಿಸುವ ಜಾಗ ಅದು.

ಭಾಷೆಗಳ ವಿಷಯ. ಓನರಿನ ಹತ್ತಿರ ಮಲಯಾಳ, ತಮ್ಮೊಳಗೆ ತುಳು ಇಲ್ಲವೇ ಕನ್ನಡ, ಅಮ್ಮನ ಫೋನು ಬಂದರೆ ಹವ್ಯಕ ಭಾಷೆ: ಇದು ನಮ್ಮಲ್ಲಿ ದಿನನಿತ್ಯದ್ದು. ಉಚ್ಚಾರವನ್ನು ಗೇಲಿ ಮಾಡುವ ಹಾಸ್ಯ ಎರಡೇ ಸಲಕ್ಕೆ ಹಳಸುತ್ತದೆ, ಸಭೆಯಲ್ಲಿ ಯಾರಿಗಾದರೂ ನೋಯುತ್ತದೆ ಕೂಡಾ. ಯಾರು ಯಾವ ಭಾಷೆಯ ಹಿಂದೆ ಅಡಗುತ್ತಾರೆ ಎಂಬುದು ಹೆಚ್ಚು ಫಲ ಕೊಡುತ್ತದೆ. ಬಾಡಿಗೆ ಕೇಳಿದಾಗ ಮಾತ್ರ ಮಲಯಾಳ ಮರೆತುಹೋಗುವ ಹುಡುಗ. ಇಷ್ಟು ದಿನ ಇವರ ಕನ್ನಡವೆಲ್ಲ ಅರ್ಥವಾಗುತ್ತಿತ್ತು ಎಂದು ನಾಲ್ಕನೆಯ ಕಂತಿನಲ್ಲಿ ಬಾಯಿಬಿಡುವ ಓನರು.

12 ನಿಮಿಷದ ಲೆಕ್ಕ

ಬಿಬಿಸಿಯ ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತಿಲ್ಲ, 28-30 ನಿಮಿಷ ಸಿಗುತ್ತದೆ. ಅಮೆರಿಕದ ವಾಹಿನಿಗಳಲ್ಲಿ ಸುಮಾರು 22. ಊರಿನ ವೇದಿಕೆಗೂ ಯೂಟ್ಯೂಬಿಗೂ 12 ನಿಮಿಷ ಧಾರಾಳ ಸಾಕು. ಮೊದಲ 1 ನಿಮಿಷ ಮಾತಿಲ್ಲದ ಒಂದು ತಮಾಷೆ. 2ನೇ ನಿಮಿಷ ಮುಗಿಯುವುದರೊಳಗೆ ಯಾರಿಗೆ ಏನು ಬೇಕು, ಎಷ್ಟು ಗಂಟೆಯೊಳಗೆ ಬೇಕು ಎಂಬುದು ಹೇಳಿ ಆಗಿರಬೇಕು. ಗಡುವು ಇಲ್ಲದ ಕತೆ ಓಡುವುದಿಲ್ಲ. 5ರವರೆಗೆ ಮೊದಲ ಮೂರ್ಖ ಉಪಾಯ. 8ರವರೆಗೆ ಆ ಉಪಾಯದಿಂದ ಹುಟ್ಟಿದ ಎರಡನೇ ತೊಂದರೆ. 11ರವರೆಗೆ ಒಟ್ಟಿಗೆ ಇರಬಾರದವರೆಲ್ಲ ಒಟ್ಟಿಗೆ ಸಿಟ್‌ಔಟಿನಲ್ಲಿ. ಕೊನೆಯ ನಿಮಿಷ ಗಂಡಸರಿಬ್ಬರೇ. ಅವರು ಏನೂ ಕಲಿತಿಲ್ಲ. ಲಂಡನ್ನಿನವರಿಗೆ ಈ ಕೊನೆಯ ಮಾತುಕತೆ ಸೋಫಾದ ಮೇಲೆ ಬಿಯರು ಹಿಡಿದು ನಡೆಯುತ್ತಿತ್ತು. ನಮ್ಮವರಿಗೆ ಸುಲೈಮಾನಿ ಚಾಯ ಸಾಕು.

ಕತೆಗೆ ವಸ್ತು ಎಲ್ಲಿಂದ? ಮನೆ ನಡೆಸುವ ಸಣ್ಣ ಸಣ್ಣ ಕರಾರುಗಳಿಂದ. ಕೆಎಸ್‌ಇಬಿಯ ಕರೆಂಟು ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವ ಕಾರಣ, ಮೊದಲ ತಿಂಗಳು ಊರಿಗೆ ಹೋಗಿದ್ದವನು ಎಷ್ಟು ಕೊಡಬೇಕು ಎಂಬುದೇ ಒಂದು ಕಂತು. ಗ್ಯಾಸು ಮುಗಿದದ್ದು ಯಾರ ಸರದಿಯಲ್ಲಿ ಎಂಬುದು ಇನ್ನೊಂದು. ತುಂಬಾ ಒಳ್ಳೆಯ ವಸ್ತು ಹರಿತಕರ್ಮ ಸೇನೆಯದ್ದು. ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಆ ಹೆಂಗಸರು ತೊಳೆದು ಒಣಗಿಸಿದ್ದನ್ನು ಮಾತ್ರ ಕೇಳುತ್ತಾರೆ. ಇಬ್ಬರು ಸೋಮಾರಿಗಳು, ಸಿಂಕಿನ ಅಡಿಯಲ್ಲಿ ಮೂರು ತಿಂಗಳ ಹಾಲಿನ ಕವರು, ಗೇಟಿನಲ್ಲಿ ಸೇನೆಯವರು, ಅದೇ ಹೊತ್ತಿಗೆ ಗೆಳತಿ ಸುಷ್ಮಾ ತನ್ನ ತಾಯಿಯನ್ನು ‘ಹೀಗೇ ದಾರಿಯಲ್ಲಿ ಹೋಗ್ತಾ’ ಎಂದು ಕರೆತರುವವಳಿದ್ದಾಳೆ. ಉಳಿದದ್ದು ತಾನಾಗಿ ಬರುತ್ತದೆ:

ಹರೀಶ: ಕವರು ತೊಳಿ ಮಾರಾಯ, ಅವರು ಗೇಟಿಗೆ ಬಂದಾಯ್ತು.

ಪ್ರಸಾದ: ನಾನು ಕುಡಿಯುವುದು ಕಪ್ಪು ಚಾಯ. ಹಾಲಿನ ಕವರಿಗೂ ನನಗೂ ಸಂಬಂಧ ಎಂತದು?

ಹರೀಶ: ಮೊನ್ನೆ ಪಾಯಸ ಕುಡಿದದ್ದು ಯಾರು?

ಪ್ರಸಾದ: ಪಾಯಸ ಕುಡಿದದ್ದು ಹೌದು. ಕವರು ಒಡೆದದ್ದು ನೀನು. ಒಡೆದವನದ್ದು ಜವಾಬ್ದಾರಿ.

ಹರೀಶ: ಒಡೆಯದೆ ಪಾಯಸ ಮಾಡುವುದು ಹೇಗೆ?

ಪ್ರಸಾದ: ಅದು ಅಡುಗೆ ಮಾಡಿದವನ ತಲೆಬಿಸಿ. ನಾನು ಅತಿಥಿ.

ಹರೀಶ: ಬಾಡಿಗೆ ಅರ್ಧ ಕೊಡ್ತೀಯಲ್ಲ!

ಪ್ರಸಾದ: ಈ ತಿಂಗಳು ಕೊಟ್ಟಿಲ್ಲ. ಹಾಗಾಗಿ ಅತಿಥಿ.

ಸುಷ್ಮಾ: (ಸಿಟ್‌ಔಟಿನಿಂದ) ಅತಿಥಿಗಳೇ, ಅಮ್ಮನಿಗೆ ಕಾಲುನೋವು. ಕುರ್ಚಿ ಒಳಗೆ ಉಂಟಾ, ಅದನ್ನೂ ಸೇನೆಯವರಿಗೆ ಕೊಟ್ಟಿರಾ?

ಇಲ್ಲಿ ಒಂದೂ ಬಿಡಿ ಜೋಕಿಲ್ಲ. ಪ್ರಸಾದನ ಪ್ರತಿ ಉತ್ತರವೂ ಹಿಂದಿನ ಮಾತಿಗೇ ಕೊಂಡಿ ಹಾಕಿ ಒಂದು ಹೆಜ್ಜೆ ಕೆಳಗಿಳಿಯುತ್ತದೆ; ಕೊನೆಗೆ ತನ್ನ ಸಾಲವನ್ನೇ ಸಾಕ್ಷಿಗೆ ತರುತ್ತಾನೆ. ಅತಿ ಗಟ್ಟಿ ಏಟು ಸುಷ್ಮಾಳದ್ದು, ಅವಳು ಗದರಲೂ ಇಲ್ಲ. ವಾಟ್ಸಾಪಿನಲ್ಲಿ ಬಂದ ಜೋಕನ್ನು ಈ ನಡುವೆ ತುರುಕಿದರೆ ಕೊಂಡಿ ತುಂಡಾಗುತ್ತದೆ. ಜನ ನಗಬಹುದು, ಆದರೆ ಕತೆಗೆ ಮರಳಿ ಬರಲು ಅವರಿಗೆ ಅರ್ಧ ನಿಮಿಷ ಬೇಕು. 12 ನಿಮಿಷದಲ್ಲಿ ಅರ್ಧ ನಿಮಿಷ ದುಬಾರಿ.

ನಗುವಿಗೆ ಜಾಗ

ಅಮೆರಿಕದ ‘ಐ ಲವ್ ಲೂಸಿ’ 1951ರಲ್ಲಿ ಶುರುವಾದಾಗ ಮೂರು ಫಿಲ್ಮ್ ಕ್ಯಾಮೆರಾ ಒಟ್ಟಿಗೆ ಓಡಿಸಿ, ಎದುರು ಪ್ರೇಕ್ಷಕರನ್ನು ಕೂರಿಸಿ ಚಿತ್ರೀಕರಿಸಿದರು. ಸ್ಟುಡಿಯೋ ಸಿಟ್‌ಕಾಮುಗಳಿಗೆ ಅದೇ ಮಾದರಿಯಾಯಿತು. ‘ಮೆನ್ ಬಿಹೇವಿಂಗ್ ಬ್ಯಾಡ್ಲಿ’ಯಲ್ಲಿ ಕೇಳುವುದೂ ಸ್ಟುಡಿಯೋ ಪ್ರೇಕ್ಷಕರ ನಗುವೇ. ಇದಕ್ಕೆ ತೀರಾ ಎದುರಿನ ದಾರಿ ಬ್ರಿಟನ್ನಿನದೇ ಇನ್ನೊಂದು ರೂಮ್‌ಮೇಟ್ ಧಾರಾವಾಹಿ ‘ಪೀಪ್ ಶೋ’ (2003-2015). ಅಲ್ಲಿ ಪ್ರೇಕ್ಷಕರ ನಗುವೇ ಇಲ್ಲ. ಕ್ಯಾಮೆರಾ ಪಾತ್ರದ ಕಣ್ಣಿನ ಜಾಗದಲ್ಲಿರುತ್ತದೆ, ಮನಸ್ಸಿನ ಮಾತು ಕಿವಿಗೆ ಬೀಳುತ್ತದೆ. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು, ಆ ಅಂತರವೇ ಹಾಸ್ಯ.

ಯಾವುದಾದರೂ ಒಂದನ್ನು ಹಿಡಿಯಿರಿ. ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರೀಕರಿಸಿ, ಆಮೇಲೆ ಬೇರೆಲ್ಲೋ ಹಿಡಿದಿಟ್ಟ ಡಬ್ಬಿಯ ನಗು ಅಂಟಿಸಿದರೆ ಎರಡೂ ಕೆಡುತ್ತದೆ, ಯಾಕೆಂದರೆ ನಟರು ನಗುವಿಗೆ ಜಾಗ ಬಿಟ್ಟು ಮಾತಾಡಿರುವುದಿಲ್ಲ. ನಗು ಬೇಕೇ ಬೇಕೆಂದಾದರೆ ಎದುರು ನಿಜವಾದ ಜನ ಕೂರಬೇಕು.

ವೇದಿಕೆಯಲ್ಲಿ ಆಗುವ ಮುಖ್ಯ ಎಡವಟ್ಟೂ ಇದೇ. ಜನ ನಗುತ್ತಿರುವಾಗಲೇ ಮುಂದಿನ ಮಾತು ಹೇಳಿಬಿಡುತ್ತಾರೆ, ಅದು ಯಾರಿಗೂ ಕೇಳುವುದಿಲ್ಲ. ಕತೆಯ ಗಡುವು ಆ ಮಾತಿನಲ್ಲೇ ಇದ್ದರೆ ಉಳಿದ ಹತ್ತು ನಿಮಿಷ ಹೋಯಿತು. ನಗು ಏರಿ ಇಳಿಯಲು ಶುರುವಾದಾಗ ಮುಂದಿನ ಮಾತು, ಪೂರ್ತಿ ನಿಂತ ಮೇಲಲ್ಲ. ಅಲ್ಲಿಯವರೆಗೆ ಕೈಗೆ ಒಂದು ಕೆಲಸ ಬೇಕು: ಚಾಯ ಸೋಸುವುದು, ಕವರು ಹಿಂಡುವುದು. ಕತೆಗೆ ಅನಿವಾರ್ಯವಾದ ಮಾತನ್ನು ದೊಡ್ಡ ನಗುವಿನ ಬೆನ್ನಿಗೇ ಇಡಬೇಡಿ. ತಂತಿಯಲ್ಲಿ ನೇತುಹಾಕಿದ ಮೈಕಿನಡಿ ನಿಲ್ಲುವುದಾದರೆ ಬಾಗಿಲಿಗೆ ಅಡ್ಡ ನಿಲ್ಲುವ ಆಟ ಸಾಗದು, ಕಾಲರ್ ಮೈಕು ಬೇಕು.

ಚಿತ್ರೀಕರಣಕ್ಕೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸಿಟ್‌ಔಟು ಆಗುವುದಿಲ್ಲ. ಶೀಟಿನ ಮೇಲೆ ಬೀಳುವ ಮಳೆಯ ಸದ್ದನ್ನು ಮಾತು ಕೆಡದಂತೆ ಆ್ಯಪಿನಿಂದ ತೆಗೆಯುವುದು ಕಷ್ಟ. ಫ್ಯಾನು, ಫ್ರಿಜ್ಜು ಆರಿಸಿ. ದೃಶ್ಯ ಮುಗಿದ ಮೇಲೆ ಯಾರೂ ಮಾತಾಡದೆ 30 ಸೆಕೆಂಡು ಖಾಲಿ ಸದ್ದು ಹಿಡಿದಿಟ್ಟುಕೊಳ್ಳಿ, ಎಡಿಟಿಂಗಿನಲ್ಲಿ ಮಾತಿನ ನಡುವಿನ ತೂತು ಮುಚ್ಚಲು ಬೇಕಾಗುತ್ತದೆ. ಆ ಕಡೆ ಈ ಕಡೆಯ ಮನೆಯವರಿಗೆ ಮೊದಲೇ ಹೇಳಿ. ಅಲ್ಲದಿದ್ದರೆ ಜಗಳದ ದೃಶ್ಯದ ನಡುವೆ ನಿಜವಾಗಿ ಬಿಡಿಸಲು ಬರುತ್ತಾರೆ.

ಇನ್ನುಳಿದದ್ದು, ಇವರು ಎಷ್ಟು ಬೆಳೆಯಬಹುದು ಎಂಬ ಪ್ರಶ್ನೆ. ಪೂರ್ತಿ ಬೆಳೆದರೆ ಧಾರಾವಾಹಿ ಮುಗಿಯಿತು, ಒಂಚೂರೂ ಬೆಳೆಯದಿದ್ದರೆ ಸುಷ್ಮಾ ಯಾಕೆ ಇನ್ನೂ ಬರುತ್ತಾಳೆ ಎಂದು ಜನ ಕೇಳುತ್ತಾರೆ. ಕಂತಿನೊಳಗೆ ಗಂಡಸು ಅರ್ಧ ಹೆಜ್ಜೆ ಮುಂದೆ ಬರಲಿ, ಕೊನೆಯ ನಿಮಿಷದಲ್ಲಿ ಕಾಲು ಹೆಜ್ಜೆ ಹಿಂದೆ ಹೋಗಲಿ. ಸೈಮನ್ ನೈ ಟೋನಿಯನ್ನೂ ಡೆಬ್ರಾಳನ್ನೂ ಜತೆ ಮಾಡಿದ್ದು ಆರನೆಯ ಸರಣಿಯಲ್ಲಿ. ಆಮೇಲೆ ಒಂದು ಕ್ರಿಸ್‌ಮಸ್ ವಿಶೇಷ ಕಂತು, ಮುಕ್ತಾಯದ ಮೂರು ಕಂತು, ಅಷ್ಟೇ ಬಂದದ್ದು. ಆರು ಕಂತಿನ ಸರಣಿ ಬರೆಯುವವರು ಹೀಗೆ ಮಾಡಬಹುದು: ಮೊದಲು ಎಗ್ರಿಮೆಂಟು ಮುಗಿಯುವ ಆರನೆಯ ಕಂತನ್ನು ಬರೆಯಿರಿ, ಆಮೇಲೆ ಎರಡರಿಂದ ಐದು. ಪಾತ್ರಗಳ ಮಾತಿನ ಧಾಟಿ ಅಷ್ಟರಲ್ಲಿ ಕೈಗೆ ಹತ್ತಿರುತ್ತದೆ. ಮೊದಲ ಕಂತನ್ನು ಎಲ್ಲಕ್ಕಿಂತ ಕೊನೆಗೆ ಬರೆಯುವುದು ಒಳ್ಳೆಯದು.